ಗಾಲಿಯ ಮೇಲಿನ ಸಾರುವೆ

ಹೂಡೆಯಲ್ಲಿ ಮಳೆಗಾಲವೆಂದರೆ ಎರಡು ನೀರುಗಳ ನಡುವೆ ಮೂರನೆಯ ನೀರು. ಪಡುವಲಿಗೆ ಅರಬ್ಬೀ ಸಮುದ್ರ. ಮೂಡಲಿಗೆ ಸ್ವರ್ಣಾ ನದಿ. ನಡುವೆ ತೆಂಗಿನ ತೋಟಗಳನ್ನು ಹೊತ್ತು ಮಲಗಿರುವ ಮರಳಿನ ಪಟ್ಟಿ. ಜೂನ್ ತಿಂಗಳು ಕಾಲಿಟ್ಟಿತೆಂದರೆ ಆಕಾಶವೇ ಇದರ ಮೇಲೆ ಇಳಿದುಬರುತ್ತದೆ. ಅಂಥ ದಿನಗಳಲ್ಲಿ ಮನೆ ಕಟ್ಟಿಸುತ್ತಿರುವ ಗೃಹಸ್ಥನು ಹೊರಗೋಡೆಯ ಕಡೆ ಕಣ್ಣೆತ್ತಿ ನೋಡುವಂತಿಲ್ಲ. ಆದರೆ ಕೆಲಸಗಾರರನ್ನು ಕಳುಹಿಸಿಬಿಟ್ಟರೆ ಮತ್ತೆ ಅವರು ಸಿಗುವುದು ಯಾವ ಕಾಲಕ್ಕೋ! ಆದುದರಿಂದ ಕರಾವಳಿಯಲ್ಲಿ ಮಳೆಗಾಲವು ಒಳಗಿನ ಕೆಲಸದ ಕಾಲ. ಮಾಡಿನ ಅಡಿಯ ಗಾರೆ, ಗೋಡೆಯ ಪುಟ್ಟಿ, ಬಣ್ಣ, ವಿದ್ಯುತ್ ತಂತಿ, ಫ್ಯಾನು ದೀಪಗಳ ಜೋಡಣೆ, ಇವೆಲ್ಲ ಆಗ ನಡೆಯುತ್ತವೆ. ಆಗಲೇ ಮನೆಯೊಳಗೆ ನಾಲ್ಕು ಗಾಲಿಗಳ ಮೇಲೆ ನಿಂತ ಕಬ್ಬಿಣದ ಗೋಪುರವೊಂದು ಬಂದು ಸೇರಿಕೊಳ್ಳುತ್ತದೆ.

ಗಾರೆಯವರೂ ಬಣ್ಣದವರೂ ಎತ್ತರದಲ್ಲಿ ನಿಂತು ಕೆಲಸ ಮಾಡಲು ಕಟ್ಟಿಕೊಳ್ಳುವ ತಾತ್ಕಾಲಿಕ ಅಟ್ಟಣೆಗೆ ನಮ್ಮಲ್ಲಿ ಸಾರುವೆ ಎಂದು ಹೆಸರು. ಅದಕ್ಕೆ ಗಾಲಿ ಹಾಕಿದರೆ ಗಾಲಿ ಸಾರುವೆ. ಕೊಳವೆಯ ಚೌಕಟ್ಟುಗಳನ್ನು ಒಂದರ ಮೇಲೊಂದು ಸಿಕ್ಕಿಸಿ, ಓರೆ ಸಲಾಕೆಗಳನ್ನು ಕತ್ತರಿಯಂತೆ ಬಿಗಿದು, ಮೇಲೆ ಹಲಗೆ ಹಾಸಿ, ಕೆಳಗೆ ನಾಲ್ಕು ಗಾಲಿ ಕೂಡಿಸಿದರೆ ಮುಗಿಯಿತು. ದಿನದ ಬಾಡಿಗೆಗೆ ಸಿಗುತ್ತದೆ. ಸಣ್ಣ ಟೆಂಪೋದಲ್ಲಿ ಬಂದಿಳಿಯುತ್ತದೆ. ಇಬ್ಬರು ಸೇರಿದರೆ ಅರ್ಧ ಗಂಟೆಯೊಳಗೆ ಎದ್ದು ನಿಲ್ಲುತ್ತದೆ. ಇಷ್ಟು ಸುಲಭವಾಗಿ ಎದ್ದು ನಿಲ್ಲುವ ವಸ್ತುವು ಅಷ್ಟೇ ಸುಲಭವಾಗಿ ಬೀಳಲೂಬಹುದೆಂಬುದು ನನ್ನ ತಲೆಗೆ ಹೊಳೆದುದು 2024ರ ಮಳೆಗಾಲದಲ್ಲಿ, ಹೂಡೆಯ ನನ್ನ ಸ್ನೇಹಿತರೊಬ್ಬರ ಮನೆಯಲ್ಲಿ.

ಸ್ನೇಹಿತರು ಇಪ್ಪತ್ತೆಂಟು ವರ್ಷ ಕೊಲ್ಲಿ ದೇಶದಲ್ಲಿ ದುಡಿದು ಊರಿಗೆ ಮರಳಿದವರು. ತಂದೆಯ ಕಾಲದ ಹೆಂಚಿನ ಮನೆಯ ಪಕ್ಕದಲ್ಲಿಯೇ ಹೊಸ ಮನೆ ಏಳುತ್ತಿತ್ತು. ಇಂದಿನ ರೂಢಿಯಂತೆ ಚಾವಡಿಗೆ ಎರಡು ಅಂತಸ್ತಿನ ಎತ್ತರ: ನೆಲದಿಂದ ಮಾಡಿಗೆ ಇಪ್ಪತ್ತು ಅಡಿ. ನಡುವೆ ದೊಡ್ಡ ದೀಪಗುಚ್ಛ ತೂಗುಹಾಕಬೇಕೆಂಬುದು ಮನೆಯಾಕೆಯ ಬಹುದಿನದ ಆಸೆ. ಮಗಳ ಮದುವೆಗೆ ಇನ್ನು ಹತ್ತೊಂಬತ್ತು ದಿನ ಉಳಿದಿತ್ತು. ಆ ಹತ್ತೊಂಬತ್ತು ಎಂಬ ಸಂಖ್ಯೆಯನ್ನು ಅವರು ನನಗೆ ಫೋನಿನಲ್ಲಿ ಮೂರು ಸಲ ಹೇಳಿದ್ದರು.

ನಾನು ಹೋದ ದಿನ ಮಾಡಿಗೆ ಬಣ್ಣ ಬಳಿಯುವ ಕೆಲಸ ನಡೆದಿತ್ತು. ಸಾರುವೆಯ ಬುಡ ಮೂರಡಿ ಅಗಲ, ಆರಡಿ ಉದ್ದ. ಹಲಗೆಯಿದ್ದದ್ದು ಹದಿನಾಲ್ಕು ಅಡಿ ಎತ್ತರದಲ್ಲಿ. ಮೇಲಿದ್ದವನು ಇಪ್ಪತ್ತನಾಲ್ಕು ವರ್ಷದ ಹುಡುಗ, ಚುರುಕು ಕೈಯವನು. ಅವನ ಕೈ ನಿಲುಕುವಷ್ಟು ಜಾಗಕ್ಕೆ ಬಣ್ಣ ಬಳಿದಾದ ಮೇಲೆ ಇಳಿಯುವನು, ಗಾಲಿಗಳ ಬ್ರೇಕು ಬಿಡಿಸುವನು, ನಾಲ್ಕಡಿ ದೂಡುವನು, ಬ್ರೇಕು ಹಾಕುವನು, ಮತ್ತೆ ಹತ್ತುವನು. ಅವನ ಜೊತೆಗಾರ ಆ ದಿನ ಬಂದಿರಲಿಲ್ಲ. ಬೆಳಗ್ಗಿನಿಂದ ಹತ್ತು ಹನ್ನೆರಡು ಸಲ ಈ ಏರಿಳಿತ ನಡೆದಿರಬೇಕು. ನನ್ನ ಸ್ನೇಹಿತರು ಕುರ್ಚಿಯಲ್ಲಿ ಕುಳಿತು ನೋಡುತ್ತಲೇ ಇದ್ದರು. ಹುಡುಗ ಮತ್ತೊಮ್ಮೆ ಇಳಿಯಲು ಕಾಲು ಚಾಚಿದಾಗ ಅವರಿಗೆ ತಡೆಯಲಾಗಲಿಲ್ಲ.

“ಇಳಿಯುವುದೆಲ್ಲ ಬೇಡ ಮಾರಾಯಾ! ನೀನು ಗಟ್ಟಿಯಾಗಿ ಹಿಡಿದುಕೋ, ನಾನೇ ದೂಡುತ್ತೇನೆ.”

“ಬೇಡ ಧನಿಗಳೇ, ನಿಮಗ್ಯಾಕೆ ತೊಂದರೆ?” ಎಂದ ಹುಡುಗ. ಅಪಾಯ ಎಂದು ಹೇಳಲಿಲ್ಲ, ತೊಂದರೆ ಎಂದು ಹೇಳಿದ. ಧನಿಗಳಿಗೆ ಅಪಾಯ ಎಂದು ಎದುರು ಹೇಳುವ ರೂಢಿ ನಮ್ಮಲ್ಲಿ ಇಲ್ಲವಷ್ಟೆ.

ಮೊದಲ ಸಲ ಸಲೀಸಾಗಿ ಸರಿಯಿತು. ಎರಡನೆಯ ಸಲವೂ ಸರಿಯಿತು. ಮೂರನೆಯ ಸಲ ಗೋಪುರವನ್ನು ಅಡ್ಡಕ್ಕೆ, ಎಂದರೆ ಅದರ ಮೂರಡಿ ಅಗಲದ ದಿಕ್ಕಿಗೆ, ದೂಡಬೇಕಾಗಿತ್ತು. ನೆಲದ ಮೇಲೆ ಕೆಲಸದ ದೀಪಕ್ಕೆ ಎಳೆದಿದ್ದ ತಂತಿಯೊಂದು ಬಿದ್ದಿತ್ತು. ನನ್ನ ಕಿರುಬೆರಳಿನಷ್ಟು ದಪ್ಪ. ಮುಂದಿನ ಗಾಲಿ ಅದಕ್ಕೆ ತಾಗಿ ನಿಂತಿತು. ಬುಡ ನಿಂತಿತು, ತಲೆ ನಿಲ್ಲಲಿಲ್ಲ. ಹುಡುಗ ಗೋಪುರದೊಡನೆ ಬೀಳುವ ಬದಲು ಹಾರಿದ. ಕಾಲೂರಿಯೇ ಬಿದ್ದ. ಎರಡೂ ಹಿಮ್ಮಡಿಯ ಎಲುಬು ಒಡೆದುವು. ಬೆನ್ನೆಲುಬಿನ ಒಂದು ಮಣಿ ಜಜ್ಜಿತು. ಎತ್ತರದಿಂದ ಕಾಲೂರಿ ಬಿದ್ದವರಿಗೆ ಈ ಎರಡು ಪೆಟ್ಟುಗಳೂ ಒಟ್ಟಿಗೆ ಆಗುವುದುಂಟೆಂದು ಆಸ್ಪತ್ರೆಯಲ್ಲಿ ವೈದ್ಯರು ವಿವರಿಸಿದರು. ಹದಿನಾಲ್ಕು ಅಡಿಯಿಂದ ಬೀಳಲು ಒಂದು ಸೆಕೆಂಡೂ ಬೇಕಾಗುವುದಿಲ್ಲ. ನೆಲ ಮುಟ್ಟುವ ಹೊತ್ತಿಗೆ ದೇಹಕ್ಕೆ ಗಂಟೆಗೆ 30 ಕಿಲೋಮೀಟರಿಗೂ ಮೀರಿದ ವೇಗ ಬಂದಿರುತ್ತದೆ.

ಮದುವೆ ಗೊತ್ತಾದ ದಿನವೇ ನಡೆಯಿತು. ಮಾಡಿನ ಮೂಡಲ ಮೂಲೆಯಲ್ಲಿ ಕಾಲುಭಾಗ ಬಣ್ಣವಿಲ್ಲದೆ ಬಿಳಿಚಿಕೊಂಡಿತ್ತು. ಬಂದ ಅತಿಥಿಗಳಲ್ಲಿ ಯಾರೂ ಅದನ್ನು ತಲೆಯೆತ್ತಿ ನೋಡಿದಂತೆ ಕಾಣಲಿಲ್ಲ.

ಅಡಿಕೆಮರದಿಂದ ಗಾಲಿಗೆ

ನಮ್ಮ ಹಿರಿಯರು ಮನೆ ಕಟ್ಟುತ್ತಿದ್ದಾಗ ಸಾರುವೆಯೆಂದರೆ ಅಡಿಕೆಮರದ ಕಂಬ, ಬಿದಿರು ಮತ್ತು ತೆಂಗಿನ ನಾರಿನ ಹಗ್ಗ. ಕೆಂಪುಕಲ್ಲಿನ ಗೋಡೆಯಲ್ಲಿ ಅಲ್ಲಲ್ಲಿ ತೂತು ಬಿಟ್ಟು, ಅಡ್ಡಮರಗಳ ಒಂದು ತುದಿಯನ್ನು ಅದರೊಳಗೆ ಇಡುತ್ತಿದ್ದರು. ಕೆಲಸ ಮುಗಿದ ಮೇಲೆ ಗಾರೆಯಿಂದ ಮುಚ್ಚಿಬಿಡುತ್ತಿದ್ದರು. ಹಳೆಯ ಗೋಡೆಗಳಲ್ಲಿ ಸಾಲಾಗಿ ಕಾಣುವ ತೇಪೆಗಳಲ್ಲಿ ಎಷ್ಟೋ ಈ ತೂತುಗಳ ಗುರುತು. ಆ ಸಾರುವೆ ಕುರೂಪಿಯಾಗಿತ್ತು, ಕಟ್ಟಲು ಒಂದು ದಿನ ಹಿಡಿಯುತ್ತಿತ್ತು, ಹಗ್ಗ ಲಡ್ಡಾದರೆ ಅದೂ ಬೀಳುತ್ತಿತ್ತು. ಆದರೆ ಅದರಲ್ಲಿ ಒಂದು ಗುಣವಿತ್ತು: ಗೋಡೆಯ ಕೈ ಹಿಡಿದುಕೊಂಡು ನಿಲ್ಲುತ್ತಿತ್ತು. ಗಾಲಿ ಸಾರುವೆಯಾದರೋ ಯಾರ ಕೈಯನ್ನೂ ಹಿಡಿಯದೆ ಚಾವಡಿಯ ನಡುವೆ ಒಂಟಿಯಾಗಿ ನಿಂತಿರುತ್ತದೆ. ನಯವಾದ ಟೈಲ್ಸಿನ ಮೇಲೆ ಕಂಬ ಊರುವಂತಿಲ್ಲ, ಬಣ್ಣ ಬಳಿದ ಗೋಡೆಗೆ ತೂತು ಕೊರೆಯುವಂತಿಲ್ಲ. ಆದುದರಿಂದ ಇಂದಿನ ಮನೆಗಳಿಗೆ ಇದೇ ಗತಿ.

ಎತ್ತರದ ಮಾಡಿನ ಕೆಲಸ ನಮ್ಮ ಕರಾವಳಿಗೆ ಹೊಸದೇನೂ ಅಲ್ಲ. ಮಂಗಳೂರಿನ ಲೈಟ್‌ಹೌಸ್ ಗುಡ್ಡದ ಮೇಲಿರುವ ಸಂತ ಅಲೋಶಿಯಸ್ ಪ್ರಾರ್ಥನಾಲಯವನ್ನು ನೋಡಿದವರು ಅಲ್ಲಿ ತಲೆಯೆತ್ತಿ ನಿಂತುಬಿಟ್ಟಿರಲೇಬೇಕು. ಇಟಲಿಯಿಂದ ಬಂದ ಯೇಸುಸಭೆಯ ಸೋದರ ಆಂಟೋನಿಯೋ ಮೊಸ್ಕೇನಿ 1899ರಿಂದ 1901ರವರೆಗೆ ಅದರ ಗೋಡೆಗಳನ್ನೂ ಮಾಡನ್ನೂ ಚಿತ್ರಗಳಿಂದ ತುಂಬಿದರು. ಸಾರುವೆಯೇರದೆ ಆಗುವ ಕೆಲಸ ಅದಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ಆ ಚಿತ್ರಗಳನ್ನು ಶುಚಿಗೊಳಿಸಿ ಉಳಿಸಲು ಬಂದ ತಜ್ಞರೂ ಅದೇ ಎತ್ತರಕ್ಕೆ ಏರಬೇಕಾಯಿತು.

ಇನ್ನೂ ಹಿಂದಕ್ಕೆ ಹೋದರೆ ರೋಮಿನ ಸಿಸ್ಟೈನ್ ಪ್ರಾರ್ಥನಾಲಯದ ಕಥೆ ಇದೆ. 1508ರಲ್ಲಿ ಮೈಕೆಲೇಂಜೆಲೊ ಅದರ ಮಾಡಿಗೆ ಚಿತ್ರ ಬರೆಯಲು ತೊಡಗಿದಾಗ, ವಾಸ್ತುಶಿಲ್ಪಿ ಬ್ರಮಾಂಟೆ ಮಾಡಿಗೇ ತೂತು ಕೊರೆದು ಹಗ್ಗಗಳಿಂದ ಸಾರುವೆಯನ್ನು ತೂಗುಬಿಡಲು ಹೊರಟನಂತೆ. ಚಿತ್ರ ಮುಗಿದ ಮೇಲೆ ಆ ತೂತುಗಳನ್ನು ಮುಚ್ಚುವುದೆಂತು ಎಂದು ಚಿತ್ರಕಾರ ಕೇಳಿದ. ಆಗ ತಾನೇ ಬೇರೆ ಸಾರುವೆಯೊಂದನ್ನು ಯೋಚಿಸಿ ಕಟ್ಟಿಸಿದನೆಂದು ವಸಾರಿ ಬರೆದಿಟ್ಟಿದ್ದಾನೆ. 1980ರ ದಶಕದಲ್ಲಿ ಆ ಚಿತ್ರಗಳ ಮಸಿ ತೊಳೆಯಲು ಬಂದವರು ಕಟ್ಟಿಕೊಂಡದ್ದು ಅಲ್ಯೂಮಿನಿಯಮ್ಮಿನ ಸೇತುವೆಯಂಥ ಸಾರುವೆ. ಅದನ್ನು ಮೈಕೆಲೇಂಜೆಲೊ ಕಾಲದ ತೂತುಗಳಿಗೇ ಆಧಾರ ಕೊಟ್ಟು ನಿಲ್ಲಿಸಿದರು. ಅದು ಹಳಿಗಳ ಮೇಲೆ ಸರಿಯುತ್ತ ಹೋಗುತ್ತಿತ್ತು. ಹಳಿಯಿದ್ದಲ್ಲಿ ಗಾಲಿ ದಾರಿ ತಪ್ಪುವುದಿಲ್ಲ. ನಮ್ಮ ಚಾವಡಿಯ ಗಾಲಿಗೆ ಹಳಿಯಿಲ್ಲ. ಅದು ಹೊಸ್ತಿಲಿಗೂ ಹೋದೀತು, ತಂತಿಗೂ ಹೋದೀತು.

ಬುಡದ ಒಂದು ಅಂಗುಲ

ಲೆಕ್ಕಕ್ಕೆ ಹೆದರುವ ವಾಚಕರು ಇದೊಂದು ಪ್ಯಾರಾವನ್ನು ಸಹಿಸಿಕೊಳ್ಳಬೇಕು. ಮೂರಡಿ ಎಂದರೆ 36 ಅಂಗುಲ. ಹದಿನಾಲ್ಕು ಅಡಿ ಎಂದರೆ 168 ಅಂಗುಲ. ಅಗಲದ ದಿಕ್ಕಿನಲ್ಲಿ ಒಂದು ಬದಿಯ ಗಾಲಿಗಳು ಒಂದೇ ಒಂದು ಅಂಗುಲ ತಗ್ಗಿಗೆ ಇಳಿದರೂ ಮೇಲಿನ ಹಲಗೆ ನಾಲ್ಕೂವರೆ ಅಂಗುಲಕ್ಕಿಂತ ಹೆಚ್ಚು ಪಕ್ಕಕ್ಕೆ ಹೋಗುತ್ತದೆ. ಹಲಗೆಯ ಮೇಲೆ ನಿಂತವನ ಸೊಂಟ ಐದೂವರೆ ಅಂಗುಲಕ್ಕೂ ಮೀರಿ ಸರಿಯುತ್ತದೆ. ಇದು ಗೋಪುರ ಸುಮ್ಮನೆ ನಿಂತಿದ್ದಾಗಿನ ಮಾತು. ಚಲಿಸುತ್ತಿರುವ ಗೋಪುರದ ಗಾಲಿ ಥಟ್ಟನೆ ತಡೆದು ನಿಂತಿತೆನ್ನಿ: ಮೇಲೆ ಮನುಷ್ಯನಿರುವ ಇಂಥ ಗೋಪುರ ಮಗುಚಲು, ನಾವು ಜಗಲಿಯಲ್ಲಿ ಅಡ್ಡಾಡುವ ನಿಧಾನವಾದ ನಡಿಗೆಯ ವೇಗವೇ ಸಾಕಾಗುತ್ತದೆ. ನನ್ನ ಸ್ನೇಹಿತರು ಓಡಿಸಿರಲಿಲ್ಲ, ಮೆಲ್ಲನೆಯೇ ದೂಡಿದ್ದರು. “ಮೆಲ್ಲಗೆ ದೂಡಿದೆನಲ್ಲ?” ಎಂದು ಅವರು ಆಸ್ಪತ್ರೆಯ ಬೆಂಚಿನ ಮೇಲೆ ನನ್ನನ್ನು ಕೇಳಿದಾಗ ನನಗೆ ಈ ಲೆಕ್ಕ ಗೊತ್ತಿರಲಿಲ್ಲ. ಗೊತ್ತಿದ್ದರೂ ಹೇಳುತ್ತಿರಲಿಲ್ಲ.

ಎತ್ತರಕ್ಕೂ ಬುಡಕ್ಕೂ ಇರುವ ಈ ಸಂಬಂಧವನ್ನು ಕಟ್ಟುಪಾಡುಗಳೂ ಹೇಳುತ್ತವೆ. ಅಮೆರಿಕದ ನಿಯಮದಂತೆ ಯಾವ ಆಧಾರಕ್ಕೂ ಕಟ್ಟದೆ ನಿಂತ ಸಾರುವೆಯ ಎತ್ತರವು ಬುಡದ ಕಿರಿಯ ಬದಿಯ ನಾಲ್ಕು ಪಟ್ಟನ್ನು ಮೀರಬಾರದು. ಮನೆಯೊಳಗಿನ ಕೆಲಸಕ್ಕೆ ಮೂರು ಪಟ್ಟೆಂದು ಇಟ್ಟುಕೊಂಡರೆ ನಷ್ಟವಿಲ್ಲ. ಆ ಲೆಕ್ಕದಲ್ಲಿ ಮೂರಡಿ ಬುಡಕ್ಕೆ ಒಂಬತ್ತು ಅಡಿ. ಹೂಡೆಯಲ್ಲಿ ನಿಂತಿದ್ದದ್ದು ಹದಿನಾಲ್ಕು. ಹೆಚ್ಚು ಎತ್ತರ ಬೇಕಾದರೆ ಬುಡವನ್ನು ಹಿಗ್ಗಿಸುವ ಉಪಾಯವಿದೆ. ನಾಲ್ಕೂ ಮೂಲೆಗಳಿಂದ ಹೊರಕ್ಕೆ ಓರೆಯಾಗಿ ಚಾಚಿ ನೆಲಕ್ಕೆ ಊರುವ ಊರುಗಾಲುಗಳನ್ನು ಜೋಡಿಸಬಹುದು. ಬಾಡಿಗೆಯವರ ಬಳಿ ಇರುತ್ತವೆ. ಕೇಳಿದವರಿಗೆ ಮಾತ್ರ ಕೊಡುತ್ತಾರೆ. ಜಾಗ ತಿನ್ನುತ್ತದೆಂದು ಕೆಲಸಗಾರರು ಕೇಳುವುದಿಲ್ಲ. ಇಂಥದೊಂದು ಇದೆಯೆಂಬುದೇ ಮನೆಯವರಿಗೆ ತಿಳಿದಿರುವುದಿಲ್ಲ.

ಈಗ ಮುಖ್ಯವಾದ ಮಾತು. ಮೇಲೆ ಜನ ಇರುವಾಗ ಸಾರುವೆಯನ್ನು ಸರಿಸಬಾರದು. ಅಮೆರಿಕದ ನಿಯಮದಲ್ಲಿ ಇದಕ್ಕೂ ಒಂದು ಸಡಿಲಿಕೆ ಇದೆ, ನಿಜ. ಆದರೆ ಅದರ ಷರತ್ತುಗಳನ್ನು ನೋಡಿ. ನೆಲ ಮಟ್ಟಸವಾಗಿರಬೇಕು, ಗುಂಡಿಯಾಗಲಿ ಅಡೆತಡೆಯಾಗಲಿ ಇರಕೂಡದು, ಸರಿಸುವಾಗ ಎತ್ತರವು ಬುಡದ ಎರಡು ಪಟ್ಟಿಗಿಂತ ಹೆಚ್ಚಿರಬಾರದು. ಮೂರಡಿ ಬುಡಕ್ಕೆ ಆರಡಿ! ಆರಡಿಯ ಸಾರುವೆಯಿಂದ ಇಳಿಯಲು ಎಷ್ಟು ಹೊತ್ತು ಬೇಕು? ಆದ್ದರಿಂದ ಮನೆಗೆಲಸದ ಮಟ್ಟಿಗೆ ಆ ಸಡಿಲಿಕೆಯನ್ನು ಮರೆತುಬಿಡುವುದೇ ಲೇಸು. ಮನುಷ್ಯ ಮಾತ್ರವಲ್ಲ, ಬಣ್ಣದ ಡಬ್ಬಿ, ಉಪಕರಣ ಎಲ್ಲವೂ ಮೊದಲು ಇಳಿಯಬೇಕು. ದೂಡುವವರು ಇಬ್ಬರಿರಬೇಕು. ಎದೆಯೆತ್ತರದಲ್ಲಿ ಅಲ್ಲ, ಕೈ ಎಷ್ಟು ಕೆಳಗೆ ಹೋಗುವುದೋ ಅಷ್ಟು ಕೆಳಗೆ ಹಿಡಿದು ದೂಡಬೇಕು. ಸಾಧ್ಯವಾದಷ್ಟೂ ಉದ್ದದ ದಿಕ್ಕಿಗೆ ದೂಡಬೇಕು. ದೂಡುವ ಮೊದಲು ಒಬ್ಬನು ಪೊರಕೆ ಹಿಡಿದು ದಾರಿ ಗುಡಿಸಿದರೆ ನಾಚಿಕೆಪಡುವ ಕಾರಣವಿಲ್ಲ. ಗಾಲಿ ಎಷ್ಟು ಚಿಕ್ಕದೋ ತಡೆ ಅಷ್ಟು ದೊಡ್ಡದು. ಹೂಡೆಯಂಥ ಊರಲ್ಲಿ ಚಪ್ಪಲಿಗಂಟಿದ ಮರಳು ಮನೆಯೊಳಗೆಲ್ಲ ಹರಡಿರುತ್ತದೆ; ಮಳೆಗಾಲದಲ್ಲಿ ಅದರ ಮೇಲೆ ನೀರಿನ ಪಸೆ ಬೇರೆ.

ಒಂದು ಗಂಟೆಯ ಕೂಲಿ

ಇಳಿದು ಹತ್ತಲು ನಿಜವಾಗಿ ಎಷ್ಟು ಸಮಯ ಹಿಡಿಯುತ್ತದೆ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಮುಂದೆ ಅದೇ ಮನೆಯಲ್ಲಿ ಬೇರೆ ಇಬ್ಬರು ಬಂದು ಉಳಿದ ಕಾಲುಭಾಗವನ್ನು ಮುಗಿಸಿದಾಗ ನಾನು ಗಡಿಯಾರ ಹಿಡಿದು ಕುಳಿತೆ. ಕೆಲಸ ನಿಲ್ಲಿಸಿದ ಕ್ಷಣದಿಂದ ಮತ್ತೆ ಕುಂಚ ಗೋಡೆಗೆ ತಾಗುವವರೆಗೆ, ಸುಮಾರಾಗಿ ಮೂರು ನಿಮಿಷ. ದಿನಕ್ಕೆ ಇಪ್ಪತ್ತು ಸಲ ಸರಿಸಿದರೆ ಒಂದು ಗಂಟೆ.

ಈ ಒಂದು ಗಂಟೆ ಯಾರದು? ಪ್ರಶ್ನೆಯ ಮೂಲ ಇಲ್ಲಿದೆ ಎಂದು ನನಗೆ ತೋರುತ್ತದೆ. ದಿನಗೂಲಿಯ ಕೆಲಸವಾದರೆ ಆ ಗಂಟೆ ಧನಿಯ ಕಿಸೆಯಿಂದ ಹೋಗುತ್ತದೆ. ಆಗ ಧನಿ ‘ಇಳಿಯಬೇಡ’ ಎನ್ನುತ್ತಾನೆ. ಚದರಡಿಯ ಗುತ್ತಿಗೆಯಾದರೆ ಕೆಲಸಗಾರನ ಕಿಸೆಯಿಂದ ಹೋಗುತ್ತದೆ. ಆಗ ಅವನೇ ಇಳಿಯುವುದಿಲ್ಲ. ಮೇಲೆಯೇ ನಿಂತು ಮಾಡನ್ನೋ ಗೋಡೆಯನ್ನೋ ಕೈಯಿಂದ ತಳ್ಳಿ ಗೋಪುರವನ್ನು ತಾನೇ ಸರಿಸಿಕೊಳ್ಳುವ ಚಮತ್ಕಾರವನ್ನು ನಾನು ಅನೇಕ ಕಡೆ ನೋಡಿದ್ದೇನೆ. ಹಿಂದೆ ನೋಡಿ ಮೆಚ್ಚಿದ್ದೂ ಉಂಟು. ಹೀಗೆ ತಳ್ಳುವವನು ಗೋಪುರದ ನೆತ್ತಿಗೇ ಬಲ ಹಾಕುತ್ತಾನೆ. ಉರುಳಿಸಲು ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಅದೂ ಗಾಲಿಯ ಬ್ರೇಕು ಬಿಡಿಸಿಟ್ಟುಕೊಂಡೇ ಆಗಬೇಕಾದ ಕೆಲಸವಾದುದರಿಂದ, ಇಡೀ ದಿನ ಅವನು ಬಿಡುಗಾಲಿಗಳ ಮೇಲೆ ನಿಂತು ದುಡಿಯುತ್ತಾನೆ.

ಬಣ್ಣದ ಕೆಲಸಕ್ಕೆ ಕ್ರಯ ಕೇಳುವಾಗ ನಾವು ಬಣ್ಣದ ಕಂಪೆನಿ ಯಾವುದು, ಎಷ್ಟು ಸಲ ಬಳಿಯುವುದು, ಪುಟ್ಟಿ ಯಾರ ಲೆಕ್ಕ ಎಂದೆಲ್ಲ ಚೌಕಾಶಿ ಮಾಡುತ್ತೇವೆ. ಅದರ ಜೊತೆಗೆ, “ಮೇಸ್ತ್ರಿಗಳೇ, ಪ್ರತಿ ಸಲವೂ ಇಳಿದೇ ಸರಿಸಬೇಕು, ಅದರ ಸಮಯ ನನ್ನ ಲೆಕ್ಕ, ಸಾರುವೆಯ ಹತ್ತಿರ ಯಾವಾಗಲೂ ಇಬ್ಬರಿರಲಿ” ಎಂದು ಮೊದಲೇ ಹೇಳಿಬಿಟ್ಟರೆ ಚಾವಡಿಯ ಕೆಲಸಕ್ಕೆ ಅರ್ಧ ದಿನದ ಕೂಲಿ ಹೆಚ್ಚಾಗಬಹುದು. ದೀಪಗುಚ್ಛದ ಬೆಲೆಯ ಪಕ್ಕದಲ್ಲಿಟ್ಟು ನೋಡಿದರೆ ಅದು ಎಣಿಕೆಗೂ ಬಾರದ ಮೊತ್ತ.

ಉಳಿದ ಎಚ್ಚರಿಕೆಗಳಲ್ಲಿ ಕೆಲವು ಮನೆಯವರ ಕಣ್ಣಿಗೇ ಕಾಣುವಂಥವು. ಗಾಲಿಗಳ ಬ್ರೇಕು ನಾಲ್ಕಕ್ಕೆ ನಾಲ್ಕೂ ಹಿಡಿಯಬೇಕು. ಎರಡು ಸಾಕೆಂಬುದು ಸುಳ್ಳು ಸಮಾಧಾನ. ಹಲಗೆ ಅಗಲಕ್ಕೆ ಪೂರ್ತಿ ಹಾಸಿರಬೇಕು. ಒಂದೇ ಹಲಗೆಯ ಮೇಲೆ ಸರ್ಕಸ್ಸು ನಡೆಯಬಾರದು. ಹಲಗೆಯ ಸುತ್ತ ಸೊಂಟದೆತ್ತರಕ್ಕೆ ಕೈತಡೆಯ ಸಲಾಕೆ, ಅದರ ಕೆಳಗೆ ಇನ್ನೊಂದು, ಪಾದದ ಬಳಿ ಒಂದು ಅಡ್ಡಪಟ್ಟಿ ಬೇಕು. ಪಾದದ ಪಟ್ಟಿ ಇರುವುದು ಮೇಲಿನವನಿಗಾಗಿ ಅಲ್ಲ. ಅವನ ಕಾಲು ತಾಗಿ ಜಾರುವ ಕತ್ತಿಯಲಗು ಕೆಳಗೆ ಚಹಾ ತಂದುಕೊಡುವವರ ತಲೆಯ ಮೇಲೆ ಬೀಳದಿರಲೆಂದು. ಎತ್ತರ ಸಾಲದೆಂದು ಹಲಗೆಯ ಮೇಲೆ ಏಣಿಯನ್ನೋ ಸ್ಟೂಲನ್ನೋ ಇಟ್ಟು ಹತ್ತುವುದನ್ನು ಕಂಡರೆ ಕೆಲಸವನ್ನೇ ನಿಲ್ಲಿಸಿಬಿಡಬೇಕು. ಕೈತಡೆಯ ಎತ್ತರವನ್ನು ಮೀರಿ ನಿಂತವನಿಗೆ ಕೈತಡೆ ಇದ್ದರೂ ಇಲ್ಲದಂತೆಯೇ. ಹತ್ತಿಳಿಯುವುದು ಗೋಪುರದ ಒಳಬದಿಯಿಂದ, ಅದಕ್ಕೆಂದೇ ಇರುವ ಮೆಟ್ಟಿಲುಗಳಿಂದ. ಹೊರಬದಿಯ ಓರೆ ಸಲಾಕೆಗಳನ್ನು ಹಿಡಿದು ಹತ್ತಿದರೆ ಹತ್ತುವವನ ಭಾರವೇ ಗೋಪುರವನ್ನು ತನ್ನ ಕಡೆಗೆ ಎಳೆಯುತ್ತದೆ. ಅವೇ ಓರೆ ಸಲಾಕೆಗಳಲ್ಲಿ ಒಂದನ್ನು, ಓಡಾಟಕ್ಕೆ ಅಡ್ಡವೆಂದು ಬಿಚ್ಚಿಡುವ ಕೆಟ್ಟ ರೂಢಿಯೂ ಇದೆ. ಚೌಕಟ್ಟು ಓರೆಯಾಗದಂತೆ ಕಾಯುವುದು ಆ ಸಲಾಕೆಯೇ.

ಮಾಡಿನ ಹತ್ತಿರ ಫ್ಯಾನಿನ ಕೊಕ್ಕೆ, ದೀಪದ ತಂತಿ, ಇನ್ನೂ ಮುಚ್ಚದ ಪೆಟ್ಟಿಗೆಗಳು ಇರುತ್ತವೆ. ಕಬ್ಬಿಣದ ಗೋಪುರದ ಮೇಲೆ ನಿಂತವನ ಒದ್ದೆ ಕೈಗೆ ಒಂದು ತಂತಿ ತಾಗಿದರೆ ಸಾಕು. ಸಾವಿಗೆ ವಿದ್ಯುತ್ತೇ ಬೇಕೆಂದಿಲ್ಲ. ಬೆಚ್ಚಿಬಿದ್ದು ಕೈಬಿಟ್ಟರೂ ಆಯಿತು. ಆ ಕೋಣೆಯ ಮಾಡಿನ ತಂತಿಗಳಿಗೆ ವಿದ್ಯುತ್ ನಿಲ್ಲಿಸಿ, ಬೆಳಕಿಗೆ ಬೇರೆ ಕಡೆಯಿಂದ ತಂತಿ ತಂದು, ಅದನ್ನು ಗಾಲಿಯ ದಾರಿಗೆ ಬಾರದಂತೆ ಗೋಡೆಯಂಚಿಗೆ ಕಟ್ಟುವುದು ಕ್ರಮ.

ಇನ್ನು ಮನೆಯ ಮಕ್ಕಳು. ಗಾಲಿಯಿರುವ ಯಾವ ವಸ್ತುವೂ ಮಕ್ಕಳ ಕಣ್ಣಿಗೆ ರಥ. ಸಂಜೆ ಕೆಲಸಗಾರರು ಹೋದ ಮೇಲೆ ಗೋಪುರ ಮೂಲೆಯಲ್ಲಿ ನಿಂತಿರುತ್ತದೆ. ಒಬ್ಬ ಹತ್ತುತ್ತಾನೆ, ಇಬ್ಬರು ಎಳೆಯುತ್ತಾರೆ. ಕೆಳಗಿನ ಮೆಟ್ಟಿಲುಗಳಿಗೆ ಒಂದು ಹಲಗೆಯನ್ನು ನೆಟ್ಟಗೆ ಕಟ್ಟಿಬಿಟ್ಟರೆ ಹತ್ತಲಾಗುವುದಿಲ್ಲ. ಕೋಣೆಗೆ ಬಾಗಿಲು ಕೂಡಿಸಿದ್ದರೆ ಬೀಗವೇ ಒಳ್ಳೆಯದು.

ಕಡಲಿನ ಪಾಲು

ಹೂಡೆಯ ಗಾಳಿಯಲ್ಲಿ ಉಪ್ಪಿದೆ. ಕಿಟಿಕಿಯ ಸರಳಿನಿಂದ ಹಿಡಿದು ಸೈಕಲ್ಲಿನ ಸರಪಣಿಯವರೆಗೆ ಅದು ಏನನ್ನೂ ಬಿಡುವುದಿಲ್ಲ. ಬಾಡಿಗೆಯ ಸಾರುವೆಗಳು ಮಳೆಯಲ್ಲಿ ಬಯಲಲ್ಲೇ ಬಿದ್ದಿರುತ್ತವೆ. ಹೊರಮೈಗೆ ವರ್ಷಕ್ಕೊಮ್ಮೆ ಬಣ್ಣ ಬಳಿಯುತ್ತಾರೆ. ಕೊಳವೆಯ ಒಳಮೈಗೆ ಬಳಿಯುವವರಾರು? ಅಲ್ಲಿ ತುಕ್ಕು ಸದ್ದಿಲ್ಲದೆ ತಿನ್ನುತ್ತಿರುತ್ತದೆ. ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿದರೆ ಗಟ್ಟಿ ಕೊಳವೆ ಗಂಟೆಯಂತೆ ನುಡಿಯುತ್ತದೆ, ಸವೆದದ್ದು ಮಂಕಾಗಿ ನುಡಿಯುತ್ತದೆಂದು ಹಳೆಯ ಮೇಸ್ತ್ರಿಯೊಬ್ಬರು ನನಗೆ ತೋರಿಸಿಕೊಟ್ಟರು. ಇದು ಪರೀಕ್ಷೆಯಲ್ಲ, ಸುಳಿವು ಅಷ್ಟೆ. ಬೆಸುಗೆಯ ಜಾಗದಲ್ಲಿ ಬಿರುಕಿದೆಯೇ, ಕೊಳವೆ ಬಾಗಿದೆಯೇ, ಚೌಕಟ್ಟುಗಳನ್ನು ಸೇರಿಸುವ ಗೂಟ ಸರಿಯಾಗಿ ಕೂತಿದೆಯೇ ಎಂಬುದನ್ನು ಕಣ್ಣಿಂದಲೇ ನೋಡಬಹುದು. ಗಾಲಿಯ ಬ್ರೇಕಂತೂ ಉಪ್ಪಿಗೆ ಮೊದಲ ತುತ್ತು. ಹಾಕಿದಂತೆ ಕಾಣುತ್ತದೆ, ಹಿಡಿದಿರುವುದಿಲ್ಲ. ಬ್ರೇಕು ಹಾಕಿದ ಮೇಲೆ ಬುಡವನ್ನು ಒಮ್ಮೆ ದೂಡಿ ನೋಡಿದರೆ ಸತ್ಯ ತಿಳಿಯುತ್ತದೆ. ಸಾರುವೆ ಇಳಿಸುವಾಗಲೇ ಹೀಗೆ ನೋಡಿ ಬೇಡವಾದದ್ದನ್ನು ಹಿಂದಕ್ಕೆ ಕಳುಹಿಸುವ ಹಕ್ಕು ಬಾಡಿಗೆ ಕೊಡುವವರಿಗೆ ಇದ್ದೇ ಇದೆ.

ಇದನ್ನೆಲ್ಲ ನೋಡಿಕೊಳ್ಳಲು ಸರಕಾರವಿಲ್ಲವೇ ಎಂದು ಕೇಳುವವರುಂಟು. ಸಾರುವೆಗಳ ಸುರಕ್ಷತೆಗೆ ಭಾರತೀಯ ಮಾನಕ ಸಂಸ್ಥೆಯ ಸಂಹಿತೆಯೇ ಇದೆ. 3696 ಎಂಬುದು ಅದರ ಸಂಖ್ಯೆ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಪ್ರತ್ಯೇಕ ಕಾಯಿದೆ ಬಂತು. 2020ರಲ್ಲಿ ರಚನೆಯಾದ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ ಅದನ್ನು ಸೇರಿಸಲಾಯಿತು. ಆದರೆ ಎರಡರಲ್ಲಿಯೂ ಒಂದು ಗೆರೆ ಎಳೆದಿದೆ. ಹತ್ತು ಮಂದಿಗಿಂತ ಕಡಿಮೆ ಜನ ದುಡಿಯುವ ಕೆಲಸ ಆ ಗೆರೆಯ ಹೊರಗೆ ಉಳಿಯುತ್ತದೆ. ಸ್ವಂತ ವಾಸಕ್ಕೆಂದು ಕಟ್ಟಿಸುವ ಮನೆಗೂ ನಿಗದಿಯಾದ ವೆಚ್ಚದವರೆಗೆ ವಿನಾಯಿತಿ ಇದೆ. ಎಂದರೆ ದೊಡ್ಡ ಕಟ್ಟಡದಲ್ಲಿ ಹುಡುಗನ ಕಾಲ ಬುಡವನ್ನು ಕಾಯುವ ನಿಯಮವು, ಅದೇ ಹುಡುಗ ಮರುದಿನ ಒಂಟಿಯಾಗಿ ನಮ್ಮ ಚಾವಡಿಗೆ ಬಂದಾಗ ಹೊಸ್ತಿಲಾಚೆಯೇ ನಿಂತುಬಿಡುತ್ತದೆ. ಒಳಗೆ ಇರುವುದು ಅವನು ಮತ್ತು ನಾವು.

ಒಂದು ಕೆಲಸವನ್ನು ಮಾತ್ರ ಧಾರಾಳವಾಗಿ ಮಾಡಬಹುದು. ಕರ್ನಾಟಕದಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ 2007ರಿಂದ ಇದೆ. ಹದಿನೆಂಟರಿಂದ ಅರುವತ್ತರೊಳಗಿನ ವಯಸ್ಸಿನವರು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದರೆ ಅದರಲ್ಲಿ ಹೆಸರು ನೋಂದಾಯಿಸಬಹುದು. ಬಣ್ಣ ಬಳಿಯುವವರಿಗೂ ಇದು ಅನ್ವಯಿಸುತ್ತದೆ. ಅಪಘಾತವಾದರೆ ನೆರವು ಸಿಗುವುದು ನೋಂದಾಯಿಸಿದವರಿಗೆ. ಹೂಡೆಯ ಹುಡುಗನ ಹೆಸರು ಅಲ್ಲಿ ಇರಲಿಲ್ಲ. ಅರ್ಜಿಯನ್ನು ಎರಡು ವರ್ಷದಿಂದ ಮನೆಯಲ್ಲೇ ಇಟ್ಟುಕೊಂಡಿದ್ದ. 90 ದಿನದ ಕೆಲಸಕ್ಕೆ ಸಾಕ್ಷಿಯಾಗಿ ಯಾರಾದರೂ ಸಹಿ ಹಾಕಿಕೊಡಬೇಕಾಗಿತ್ತು. ಯಾರನ್ನು ಕೇಳುವುದೆಂದು ಸಂಕೋಚಪಟ್ಟಿದ್ದ. ಅವನು ಬಣ್ಣ ಬಳಿದ ಮನೆಗಳ ಯಜಮಾನರಲ್ಲಿ ಯಾರೂ, “ನಿನ್ನ ಕಾರ್ಡು ಆಗಿದೆಯೇನಯ್ಯಾ?” ಎಂದು ಕೇಳಿರಲಿಲ್ಲ. ನಾನೂ ನನ್ನ ಮನೆಗೆ ಬಂದವರನ್ನು ಎಂದೂ ಕೇಳಿದವನಲ್ಲ.

ಆಸ್ಪತ್ರೆಯ ಖರ್ಚನ್ನೆಲ್ಲ ನನ್ನ ಸ್ನೇಹಿತರೇ ಕೊಟ್ಟರು. ಏಳು ತಿಂಗಳು ಅವನ ಮನೆಗೆ ಅಕ್ಕಿಯನ್ನೂ ಹಣವನ್ನೂ ಕಳುಹಿಸಿದರು. ಹುಡುಗನ ತಾಯಿ ಒಂದು ದಿನವೂ ಇವರನ್ನು ನಿಂದಿಸಲಿಲ್ಲ. ತಮ್ಮ ಹಣೆಬರಹ ಎಂದರಂತೆ. ನಿಂದಿಸಿದ್ದರೆ ಎಷ್ಟೋ ಹಗುರಾಗುತ್ತಿತ್ತು ಎಂದು ಇವರು ನನ್ನೊಡನೆ ಹೇಳಿಕೊಂಡರು. ಚಾವಡಿಯ ದೀಪಗುಚ್ಛ ಬಹಳ ಕಾಲ ಅಟ್ಟದ ಮೇಲೆ ಪೆಟ್ಟಿಗೆಯಲ್ಲೇ ಉಳಿದಿತ್ತು.

ಮರುವರ್ಷ ಅದನ್ನು ತೂಗುಹಾಕಿದ ದಿನ ನಾನಿದ್ದೆ. ಬಾಡಿಗೆಯ ಸಾರುವೆ ಮತ್ತೆ ಬಂದಿತ್ತು. ಈ ಸಲ ಐದಡಿ ಬುಡದ್ದು, ಊರುಗಾಲುಗಳ ಸಮೇತ. ಹುಡುಗ ಆಗ ಬಾಗಿಲು ಕಿಟಿಕಿಗಳಿಗೆ ಬಣ್ಣ ಬಳಿಯುವ ಕೆಲಸವನ್ನು ಹಿಡಿದಿದ್ದ. ನೆಲದ ಮೇಲೆ ನಿಂತು ಮಾಡುವ ಕೆಲಸ. ಹಳೆಯ ಮನೆಯ ಕಿಟಿಕಿಗಳಿಗೆಂದು ಬಂದವನು ಸದ್ದು ಕೇಳಿ ಚಾವಡಿಗೆ ಬಂದ. ನಡೆಯುವಾಗ ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ವಿದ್ಯುತ್ ಕೆಲಸದವನು ಹತ್ತಲು ಸಲಾಕೆಗೆ ಕೈಯಿಟ್ಟಾಗ, “ತಡಿ ಅಣ್ಣಾ” ಎಂದ. ಗೋಪುರದ ಸುತ್ತ ಒಂದು ಸುತ್ತು ಬಂದು ನಾಲ್ಕೂ ಗಾಲಿಗಳ ಬ್ರೇಕನ್ನು ಒಂದೊಂದಾಗಿ ಕಾಲಿನಿಂದ ಒತ್ತಿ, ಬುಡವನ್ನು ಎರಡೂ ಕೈಗಳಿಂದ ದೂಡಿ ನೋಡಿದ. ಅದು ಅಲುಗಲಿಲ್ಲ. “ಹ್ಞಾಂ, ಈಗ ಹತ್ತಿ” ಎಂದು ಹೇಳಿ, ಬಣ್ಣದ ಡಬ್ಬಿ ಎತ್ತಿಕೊಂಡು ಹಳೆಯ ಮನೆಯ ಕಡೆಗೆ ಹೋದ.